ಕೋಳಿಗೆ ಕೊಟ್ಟ ಗಾಳಿ

ಕೊರೋಚಿ ಊರಿನ ಮಲ್ಲಾರಿಗೆ ಗಾಳಿಯೆಂದರೆ ಆಗುತ್ತಿರಲಿಲ್ಲ. ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ, ಬೆಳೆದದ್ದು ಬಟಾಬಯಲಿನಲ್ಲಿ. ಆದರೆ ಮೀಸೆ ಮೂಡುವ ಮೊದಲೇ ಇಚಲಕರಂಜಿಯ ಮಗ್ಗದ ಶೆಡ್ಡು ಸೇರಿದ, ಅಲ್ಲಿ ಗಾಳಿಯನ್ನು ದ್ವೇಷಿಸಲು ಕಲಿತ. ಕಿಟಕಿ ತೆರೆದರೆ ನೂಲು ಒಣಗುತ್ತದೆ, ಒಣಗಿದ ಎಳೆ ಹರಿಯುತ್ತದೆ, ಎಳೆ ಹರಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಮಾಲಕ ಬಯ್ಯುತ್ತಾನೆ. ಹೀಗೆ ವರ್ಷಗಟ್ಟಲೆ ಬೈಸಿಕೊಂಡು ಕೊನೆಗೊಂದು ದಿನ ತಾನೇ ಮಾಲಕನಾದ. ಮನೆಯ ಹಿತ್ತಲಲ್ಲಿ ಹಳೆಯ ಮಗ್ಗಗಳ ಶೆಡ್ಡು ಹಾಕಿದ. ನೂಲು ಇಚಲಕರಂಜಿಯ ವ್ಯಾಪಾರಿ ಆಬಾಸಾಹೇಬರದು, ನೇಯ್ದು ಕೊಡುವ ಕೆಲಸ ಇವನದು. ಮಾಲಕನಾದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಶೆಡ್ಡಿನ ಕಿಟಕಿಗಳಿಗೆ ಇಟ್ಟಿಗೆ ಇಟ್ಟು ಗಿಲಾವು ಬಳಿದದ್ದು.

ಆದ್ದರಿಂದ ಹೆಂಡತಿ ಗಂಗುಬಾಯಿ ತವರೂರು ಉತ್ತೂರಿನಿಂದ ಜವಾರಿ ಕೋಳಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದಾಗ, ಮಲ್ಲಾರಿ ಅವುಗಳಿಗೆ ಕಟ್ಟಿಕೊಟ್ಟದ್ದೂ ಒಂದು ಸಣ್ಣ ಮಗ್ಗದ ಶೆಡ್ಡನ್ನೇ. ನಾಲ್ಕೂ ಕಡೆ ತಗಡಿನ ಪತ್ರಾ ಹೊಡೆದ. ಪತ್ರಾದ ಸಂದುಗಳಿಗೆ ಶೆಡ್ಡಿನಲ್ಲಿ ಬಿದ್ದ ಹತ್ತಿಯ ಕಸವನ್ನು ಕಡ್ಡಿಯಿಂದ ತುರುಕಿದ. "ಥಂಡಿ ಹತ್ತೂದಿಲ್ಲ ನೋಡು ಇನ್ನ," ಎಂದು ಕೈ ಝಾಡಿಸಿಕೊಂಡ.

ಮಳೆಗಾಲ ಹಿಡಿಯಿತು. ಒಂದು ಮುಂಜಾನೆ ಗಂಗುಬಾಯಿ ಗೂಡಿನ ಬಾಗಿಲು ತೆಗೆದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಒಂದು ಕೋಳಿ ಬಾಯಿ ತೆರೆದುಕೊಂಡೇ ಸತ್ತಿತ್ತು. ಉಳಿದವುಗಳ ಕಣ್ಣುಗಳು ಊದಿದ್ದವು.

"ಗೂಡು ಕಟ್ಟೀರೋ, ಡಬ್ಬಿ ಕಟ್ಟೀರೋ? ಮುಚ್ಚಳ ಹಾಕಿ ಕೊಂದ್ರಿ ನೋಡ್ರಿ ನನ್ನ ತವರಿನ ಕೋಳೀನ."

ಮಲ್ಲಾರಿ ಅಂದೇ ಕೆಲಸ ಬಿಟ್ಟು ಊದಿದ ಕಣ್ಣಿನ ಒಂದು ಕೋಳಿಯನ್ನು ಚೀಲದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಓಡಿದ. ಡಾಕ್ಟರು ಕೋಳಿಗಿಂತ ಹೆಚ್ಚು ಹೊತ್ತು ಅವನ ಅಂಗಿಯ ವಾಸನೆಯನ್ನೇ ನೋಡಿದರು.

"ಮಾಮಾ, ನಾಳೆ ಮುಂಜಾನೆ ನೀವ ನಿಮ್ಮ ತಲಿ ಗೂಡಿನೊಳಗ ಹಾಕ್ರಿ. ಕೋಳಿ ಕೂಡ್ರೂ ಎತ್ತರಕ್ಕ ಮೂಗ ಇಟ್ಟು ಒಂದೀಟು ಕೂತ ನೋಡ್ರಿ. ನಿಮಗ ತಡಿಯೂದಿಲ್ಲಂದ್ರ ಅವಕ್ಕೂ ತಡಿಯೂದಿಲ್ಲ. ಹಿಕ್ಕಿ ಹಸಿ ಆದ್ರ ಕೆಟ್ಟ ಗಾಳಿ ಬಿಡತೈತಿ. ಅದು ಹೊರಗ ಹೋಗಾಕ ಹಾದಿ ಬೇಕು."

ಮರುದಿನ ಮುಂಜಾನೆ ಮಲ್ಲಾರಿ ಗೂಡಿನೊಳಗೆ ತಲೆ ಹಾಕಿ ಕುಳಿತ. ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ಹೊರಗೆ ಬಂದು ಬಾವಿಯ ಕಟ್ಟೆಯ ಮೇಲೆ ಕುಳಿತು ಮುಖ ತೊಳೆದುಕೊಂಡ. ಎಂಥ ಹಿಂಸೆ ಕೊಟ್ಟೆನಲ್ಲ ಈ ಮೂಕ ಜೀವಗಳಿಗೆ ಎಂದು ನಿಜವಾಗಿಯೂ ನೊಂದುಕೊಂಡ.

ಪತ್ರಾ ಕಿತ್ತು ಹೊಸ ಗೂಡಿಗೆ ಕೈ ಹಚ್ಚಿದ. ಈ ಸಲ ಮೊದಲು ಗಾಳಿಯನ್ನೇ ನೋಡಿದ. ಹಿತ್ತಲ ನಾಲ್ಕೂ ಮೂಲೆಗೆ ಊದಿನಕಡ್ಡಿ ಹಚ್ಚಿಟ್ಟು ಹೊಗೆ ಯಾವ ಕಡೆ ವಾಲುತ್ತದೆ ಎಂದು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಕಾದು ಕುಳಿತ. ಗೋಡೆಯನ್ನು ಸೊಂಟದೆತ್ತರಕ್ಕೆ ಏರಿಸಿ, ಮೇಲೆ ಮಾಡಿನ ತನಕ ಎದುರುಬದುರು ತಂತಿಯ ಜಾಳಿ ಬಡಿದ. ಕೋಳಿ ಕೂಡುವ ಗಳವನ್ನು ಗೋಡೆಯ ಮರೆಯಲ್ಲಿ, ಜಾಳಿಗಿಂತ ಕೆಳಗೆ ಕಟ್ಟಿದ. ಗಾಳಿ ಕೋಳಿಯ ತಲೆಯ ಮೇಲಿಂದ ಹಾದು ಹೋಗಬೇಕು, ಮೈಗೆ ಹೊಡೆಯಬಾರದು. ಬಿಸಿ ಗಾಳಿ ಏರಿ ಹೋಗಲು ಮಾಡಿನ ನೆತ್ತಿಯಲ್ಲಿ ಸಂದು ಬಿಟ್ಟು, ಮೇಲೊಂದು ಪತ್ರಾದ ಟೊಪ್ಪಿಗೆ ಹಾಕಿದ. ಪಡುವಣ ಕಡೆಗೆ ಮಳೆ ಬಂದರೆ ಇಳಿಬಿಡಲು ಗೋಣಿತಟ್ಟಿನ ಪರದೆ.

ಗೂಡಿನ ಸುದ್ದಿ ಊರಲ್ಲಿ ಹಬ್ಬಿತು. ನೋಡಲು ಬಂದವರಿಗೆಲ್ಲ ಮಲ್ಲಾರಿ ಪಾಠ ಹೇಳುತ್ತಿದ್ದ. ಅವನ ಶೆಡ್ಡಿನ ಹಳೆಯ ಕೆಲಸಗಾರ ದತ್ತಾ, ಒಂದು ಕಾಲಕ್ಕೆ ಇನ್ನೊಬ್ಬರ ಶೆಡ್ಡಿನಲ್ಲಿ ಇವನ ಪಕ್ಕದ ಮಗ್ಗಕ್ಕೇ ನಿಲ್ಲುತ್ತಿದ್ದವನು, ಬೀಡಿ ಸೇದಲು ಹೊರಗೆ ಬಂದಾಗ ನಕ್ಕು ಹೇಳುತ್ತಿದ್ದ: "ಮುಂದಿನ ಜಲ್ಮಕ್ಕ ಮಲ್ಲಾರಿ ಮನಿ ಕೋಳಿ ಆಗಿ ಹುಟ್ಟಬೇಕಪ್ಪ." ಎಲ್ಲರೂ ನಗುತ್ತಿದ್ದರು. ಮಲ್ಲಾರಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಮಾಲಕರ ಕಿವಿ ಹಾಗೆಯೇ ಇರುತ್ತದೆ, ಹೊಗಳಿಕೆಯನ್ನಷ್ಟೇ ಆರಿಸಿ ತೆಗೆದುಕೊಳ್ಳುತ್ತದೆ.

ಶೆಡ್ಡಿನ ಒಳಮೂಲೆಯಲ್ಲಿ, ಮುಚ್ಚಿದ ಕಿಟಕಿಯೊಂದರ ಕೆಳಗೆ, ಕಾಂಡಿ ಮಷೀನಿಗೆ ಕೂಡುವವಳು ದತ್ತಾನ ಸೊಸೆ ಕಾಜಲ. ಲಾಳಿಗೆ ಹಾಕುವ ಕಾಂಡಿಗೆ ನೂಲು ಸುತ್ತುವ ಕೆಲಸ. ಗಡಹಿಂಗ್ಲಜ ಕಡೆಯ ಹುಡುಗಿ. ಮದುವೆಯಾಗಿ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಹೊಸ ಗೂಡು ಎದ್ದ ಮೇಲೆ ಅವಳು ಊಟದ ಡಬ್ಬಿ ತೆಗೆದುಕೊಂಡು ಅದರ ಜಾಳಿಗೆ ಒರಗಿ ಕೂಡತೊಡಗಿದಳು.

ಒಂದು ದಿನ ಆಬಾಸಾಹೇಬರು ಬಂದಿದ್ದರು. ಅವರು ಗೂಡನ್ನು ಸುತ್ತಿ ನೋಡಿ, "ಮಲ್ಲಾರಿ, ಲಯಿ ಭಾರಿ ಮಾಡೀಯಲೇ," ಎಂದರು.

"ಹೌದ್ರಿ ಆಬಾಸಾಹೇಬ್ರ. ಜೀವ ಅಂದ ಮ್ಯಾಲೆ ಗಾಳಿ ಬೇಕಲ್ರಿ," ಎಂದ ಮಲ್ಲಾರಿ. ಆಗಲೇ ಕಾಜಲ ಕಣ್ಣಿಗೆ ಬಿದ್ದಳು. "ಏ ಪೋರಿ, ಅಲ್ಲಿ ಕೂಡಬ್ಯಾಡಂತ ಎಷ್ಟ ಸಲ ಹೇಳೂದು? ಕೋಳಿ ಬೆದರಿದ್ರ ತತ್ತಿ ಇಡೂದಿಲ್ಲ. ಏಳು, ಒಳಗ ನಡಿ."

"ಇಲ್ಲಿ ಗಾಳಿ ಐತ್ರಿ ಮಾಮಾ. ಒಂದೀಟು ಕೂತು ಹೊಕ್ಕೇನಿ."

"ಕೋಳಿಗೆ ಮಾಡಿದ ಗಾಳಿ ಅದು. ನಿನಗಲ್ಲ."

ಆಬಾಸಾಹೇಬರು ನಕ್ಕರು. ಅವರು ನಕ್ಕರೆಂದು ಮಲ್ಲಾರಿಯೂ ನಕ್ಕ. ಕಾಜಲ ಅರ್ಧ ರೊಟ್ಟಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿ, ಕೆಮ್ಮುತ್ತ ಒಳಗೆ ಹೋದಳು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ದತ್ತಾ ಅವಳಿಗೆ ಹಾದಿ ಬಿಟ್ಟ. ಅವನು ನಗಲಿಲ್ಲ.

ಮರುದಿನ ಕಾಜಲ ಬರಲಿಲ್ಲ. ಅದರ ಮರುದಿನವೂ ಇಲ್ಲ.

"ಆಕಿ ಬರೂದಿಲ್ಲ," ಎಂದ ದತ್ತಾ, ಮಗ್ಗದಿಂದ ಕಣ್ಣೆತ್ತದೆ. "ದಮ್ಮ ಹತ್ತೈತಿ. ಧೂಳಾಗ ಕೂಡಬ್ಯಾಡ ಅಂದಾರ ಡಾಕ್ಟರು."

"ಮದ್ಲ ಹೇಳಬಾರದೇನ?"

"ಏನ ಹೇಳೂದು? ನೀ ಇದ ಗಾಳ್ಯಾಗ ದುಡದಾಂವ. ನಿನಗ ಗೊತ್ತಿಲ್ಲೇನ?"

ಆಬಾಸಾಹೇಬರ ಬಟ್ಟೆ ಕೊಡುವ ಗಡುವು ಹತ್ತಿರ ಬಂದಿತ್ತು. ಕಾಂಡಿ ಇಲ್ಲದೆ ಮಗ್ಗ ನಡೆಯುವುದಿಲ್ಲ. ಬೇರೆ ಯಾರೂ ಸಿಗದೆ ಮಲ್ಲಾರಿ ತಾನೇ ಕಾಜಲಳ ಜಾಗದಲ್ಲಿ ಕುಳಿತ. ಎಷ್ಟೋ ವರ್ಷಗಳಿಂದ ಅವನು ಆ ಮೂಲೆಗೆ ಬಂದದ್ದು ಕಾಂಡಿ ತುಂಬಿದ ಬುಟ್ಟಿ ಎತ್ತಿಕೊಳ್ಳಲು ಮಾತ್ರ. ಈಗ ನೂಲು ತಿರುಗಿದಂತೆಲ್ಲ ಅರಳೆ ಏರಿ ಹುಬ್ಬಿಗೆ, ಮೂಗಿಗೆ, ತುಟಿಗೆ ಕೂತಿತು. ಬೆನ್ನ ಹಿಂದೆ ಅವನೇ ಬಳಿದ ಗಿಲಾವು ಕಾದ ಹೆಂಚಿನಂತಿತ್ತು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಅರ್ಧ ಬುಟ್ಟಿಯೂ ತುಂಬುವ ಮೊದಲು ಎದ್ದು ಹೊರಗೆ ಓಡಿದವನು, ಕಾಲು ಎಳೆದುಕೊಂಡು ಹೋದ ಕಡೆ ಹೋಗಿ, ಕೋಳಿಗೂಡಿನ ಜಾಳಿ ಹಿಡಿದು ನಿಂತ. ಗಾಳಿ ತಣ್ಣಗೆ ಮುಖಕ್ಕೆ ಹಾಯಿತು. ಎಷ್ಟು ಚಂದದ ಗಾಳಿ. ಎಷ್ಟು ಯೋಚಿಸಿ ತಂದ ಗಾಳಿ.

ಗಂಗುಬಾಯಿ ಕಾಳು ಹಾಕುತ್ತಿದ್ದಳು. ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಕೋಳಿ ಸತ್ತಾಗ ಊಟಾನೂ ಮಾಡದ ದವಾಖಾನಿಗೆ ಓಡಿ ಹೋದ್ರಿ. ಆ ಹುಡುಗಿ ಮಳಿಗಾಲದಿಂದ ಕೆಮ್ಮಾಕತ್ತಾಳ. ಎಲ್ಲಿಗರ ಓಡೀರೇನ?"

ಶೆಡ್ಡಿನ ಕಿಟಕಿ ತೆರೆದರೆ ಎಳೆ ಹರಿಯುತ್ತದೆ ಎನ್ನಬಹುದಿತ್ತು. ಆದರೆ ಗಾಳಿಯನ್ನು ಮೈಗೆ ತಾಗಿಸದೆ ತಲೆಯ ಮೇಲಿಂದ ದಾಟಿಸುವುದು ಹೇಗೆಂದು ಊರಿಗೆಲ್ಲ ಹೇಳಿದವನು ಅವನೇ. ಕೋಳಿಯ ತಲೆಯ ಮೇಲೆ ದಾಟುವ ಗಾಳಿ ಮಗ್ಗದ ಮೇಲೂ ದಾಟುತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾದಿಯನ್ನು ತನ್ನ ಜಾಣತನದಿಂದಲೇ ಅವನು ಮುಚ್ಚಿಕೊಂಡಿದ್ದ. ಗೊತ್ತಿತ್ತು. ಮನುಷ್ಯರ ವಿಷಯದಲ್ಲಿ ಅದು ಹೊಳೆಯಲೇ ಇಲ್ಲ, ಅಷ್ಟೆ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಅಂದು ಸಂಜೆ ದತ್ತಾನ ಮನೆಗೆ ಹೋದ. ಕಾಜಲ ಅಂಗಳದಲ್ಲಿ ಮೆಂತ್ಯೆ ಸೋಸುತ್ತ ಕುಳಿತಿದ್ದಳು. ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮಲ್ಲಾರಿ ಹೊಸ್ತಿಲನ್ನೇ ನೋಡುತ್ತ ಹೇಳಿದ.

"ಶೆಡ್ಡಿಗೆ ಕಿಟಕಿ ತಗೀತೇನವ್ವ. ಮ್ಯಾಲ, ಮಾಡಿನ ಕೆಳಗ. ಮೂಲ್ಯಾಗಿನ ಮಷೀನೂ ಬಾಗಲ ಹತ್ರ ಇಡತೇನಿ. ಆ ದಿನ ನಾ ಅಂದದ್ದು..."

ಅವಳು ಆ ಮಾತನ್ನು ಪೂರ್ತಿ ಮಾಡಿಸಲೂ ಇಲ್ಲ, ಹೋಗಲಿ ಬಿಡ್ರಿ ಎನ್ನಲೂ ಇಲ್ಲ.

"ತಗೀರಿ ಮಾಮಾ. ನನ್ನ ಜಾಗಾಕ್ಕ ಇನ್ಯಾರರ ಬರತಾರಲ್ರಿ. ನಾ ಮಾತ್ರ ಬರೂದಿಲ್ಲ."

ಇಷ್ಟು ಹೇಳಿ ಚಹಾ ಇಡಲು ಒಳಗೆ ಹೋದಳು. ಆ ಚಹಾ ಕುಡಿಯುವುದು ಮಲ್ಲಾರಿಗೆ ಬಹಳ ಕಷ್ಟವಾಯಿತು.

ಮರುದಿನ ಮಗ್ಗಗಳನ್ನೆಲ್ಲ ನಿಲ್ಲಿಸಿ, ನೂಲು ಸುತ್ತಿದ ಬೀಮುಗಳಿಗೆ ಬಟ್ಟೆ ಹೊದಿಸಿ, ಮಲ್ಲಾರಿ ಏಣಿ ಹತ್ತಿದ. ಗೌಂಡಿಯನ್ನು ಕರೆಯಲಿಲ್ಲ. ಆಬಾಸಾಹೇಬರು ಫೋನು ಮಾಡಿ ಬಟ್ಟೆ ಕೇಳಿದರು. "ತಡಾ ಆಗತೈತ್ರಿ" ಎಂದಷ್ಟೇ ಹೇಳಿ ಇಟ್ಟ. ಮಾಡಿನ ಕೆಳಗಿನ ಗೋಡೆಗೆ ಉಳಿ ಇಟ್ಟು ಹೊಡೆದ. ದತ್ತಾ ಏಣಿ ಹಿಡಿದಿದ್ದ.

"ಎಳಿ ಹರದ್ರ ನನ್ನ ಬಯ್ಯಬ್ಯಾಡ ಮತ್ತ," ಎಂದ ದತ್ತಾ.

"ನೀರ ಹೊಡಿಯೂಣು ನೆಲಕ್ಕ, ನೂಲ ಒಣಗೂದಿಲ್ಲ. ಎರಡ ಸಲ ಹೆಚ್ಚಿಗಿ ಹೊಡಿಯೂಣು."

"ಇಷ್ಟ ದಿನ ಅದು ಆಗ್ತಿದ್ದಿಲ್ಲೇನ?"

ಮಲ್ಲಾರಿ ಸುತ್ತಿಗೆ ನಿಲ್ಲಿಸಲಿಲ್ಲ. ಕೊನೆಯ ಇಟ್ಟಿಗೆ ಆಚೆ ಬಿದ್ದಾಗ ಬಿಸಿಲು ಓರೆಯಾಗಿ ಒಳಗೆ ಬಂತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಂದೂ ಕಾಣದಿದ್ದ ಅರಳೆ ಆ ಬಿಸಿಲಿನಲ್ಲಿ ಕಂಡಿತು. ಮಗ್ಗ ನಿಂತಿದ್ದರೂ ಅದು ನಿಂತಿರಲಿಲ್ಲ. ದಟ್ಟವಾಗಿ, ನಿಧಾನವಾಗಿ, ಕಾಜಲ ಕೂಡುತ್ತಿದ್ದ ಮಣೆಯ ಮೇಲೆ, ದತ್ತಾನ ನರೆತ ತಲೆಯ ಮೇಲೆ ಇಳಿಯುತ್ತಲೇ ಇತ್ತು. ದತ್ತಾ ಅದನ್ನು ನೋಡಿದ, ಆಮೇಲೆ ತಲೆಯೆತ್ತಿ ಮಲ್ಲಾರಿಯನ್ನು ನೋಡಿದ.

ಮಲ್ಲಾರಿ ಏಣಿಯ ಮೇಲೆ ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ನಿಂತ. ಕೆಳಗೆ ಇಳಿದರೆ ದತ್ತಾನ ಕಣ್ಣೆದುರಿಗೆ ಇಳಿಯಬೇಕಾಗಿತ್ತು.