ಕಂಬದ ಪಕ್ಕ ಮಲಗಿದ್ದ ಬೈಕು

ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನೆನಪು ತನಗೆ ಬೇಕಾದ ಹಾಗೆ ಕಥೆ ಕಟ್ಟುತ್ತದೆ ಎಂದು ವಾದಿಸುತ್ತಿದ್ದೆ. ಈಗಲೂ ಹಾಗೇ ಅನ್ನಿಸುತ್ತದೆ. ನನ್ನ ಕಷ್ಟವಿರುವುದೇ ಅಲ್ಲಿ.

ಹೆಬ್ಬಾಳದ ಹತ್ತಿರ, ಹೆದ್ದಾರಿಯ ಕ್ಯಾಮೆರಾಗಳನ್ನು ನೋಡುವ ಕೋಣೆಯಲ್ಲಿ ಕೆಲಸಕ್ಕಿದ್ದೆ. ಅಪಘಾತ ಕಂಡರೆ ಕಂಪ್ಯೂಟರೇ ಕೂಗುತ್ತಿತ್ತು. ನಿಜವೇ ಎಂದು ನೋಡಿ 'ಹೌದು' ಅಥವಾ 'ಅಲ್ಲ' ಒತ್ತುವುದು ನಮ್ಮ ಕೆಲಸ. 'ಹೌದು' ಎಂದರೆ ಆಂಬುಲೆನ್ಸ್ ಹೊರಡುತ್ತಿತ್ತು. 'ಅಲ್ಲ' ಎಂದರೆ ಅಂಥದ್ದಕ್ಕೆ ಮತ್ತೆ ಕೂಗಬಾರದೆಂದು ಕಂಪ್ಯೂಟರ್ ಪಾಠ ಕಲಿಯುತ್ತಿತ್ತು. ಮಳೆ ಬಂದರೆ ಬೈಕಿನವರೆಲ್ಲ ಮೇಲ್ಸೇತುವೆ ಕೆಳಗೆ ನಿಲ್ಲುತ್ತಾರಲ್ಲ, ಅದನ್ನೂ ಅಪಘಾತವೆಂದೇ ಕೂಗುತ್ತಿತ್ತು. ಆ ಮುಂಗಾರು ಪೂರ್ತಿ ನಾನೂ ನಾಗರಾಜನೂ 'ಅಲ್ಲ' ಒತ್ತಿ ಒತ್ತಿ ಅದಕ್ಕೆ ಬುದ್ಧಿ ಹೇಳುತ್ತಿದ್ದೆವು. ನಾಗರಾಜ ಹುಣಸಮಾರನಹಳ್ಳಿಯವನು, ಪಕ್ಕದ ಕುರ್ಚಿಯವನು, ಅಲ್ಲಿ ನನಗಿದ್ದ ಒಬ್ಬನೇ ಗೆಳೆಯ.

ಒಂದು ಸಂಜೆ ಜೋರು ಮಳೆ. ಕಂಪ್ಯೂಟರ್ ಕೂಗಿತು. ಸೇತುವೆ ಕೆಳಗೆ ನಿಂತವರಿಂದ ದೂರ, ಕಂಬದ ಪಕ್ಕ, ಒಂದು ಬೈಕು ಮಲಗಿತ್ತು. ನನ್ನ ಬೆರಳು 'ಹೌದು' ಕಡೆ ಹೋಯಿತು.

"ಸ್ಟ್ಯಾಂಡ್ ಸರ್ಯಾಗಿ ಆಕಿಲ್ಲ ಕಣೋ, ಬಿದ್ದೋಗೈತೆ. ಅಲ್ಲ ಅಂತ ಒತ್ತು ಮಗಾ, ಟೀ ಆರೋಗ್ತದೆ," ಎಂದ ನಾಗರಾಜ.

ಒತ್ತಿದೆ.

ಕಂಬದ ಹಿಂದೆ ಸೋಲದೇವನಹಳ್ಳಿಯವರೊಬ್ಬರು ಬಿದ್ದಿದ್ದರು. ಮಳೆ ನಿಂತ ಮೇಲೆ ಯಾರೋ ನೋಡಿದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ವಿಚಾರಣೆಯಲ್ಲಿ ನಾಗರಾಜ ನನ್ನ ಮುಖ ನೋಡಲಿಲ್ಲ. "ನಾನು ಟೀ ತರಾಕೆ ಓಗಿದ್ದೆ ಸಾರ್. ಇವ್ರೊಬ್ರೇ ಇದ್ರು." ಮಗಾ ಎನ್ನುತ್ತಿದ್ದವನಿಗೆ ನಾನು 'ಇವ್ರು' ಆಗಿದ್ದೆ. ಅವನ ಸುಳ್ಳು ಬಯಲಾಗಲೆಂದು ನಮ್ಮ ಕೋಣೆಯ ಕ್ಯಾಮೆರಾದ ರೆಕಾರ್ಡಿಂಗ್ ಹಾಕಿ ಎಂದು ನಾನೇ ಹಟ ಹಿಡಿದೆ.

ಹಾಕಿದರು. ಪಕ್ಕದ ಕುರ್ಚಿ ಖಾಲಿ. ನಾನು ಅದರ ಕಡೆ ತಿರುಗುತ್ತೇನೆ, ತಲೆಯಾಡಿಸುತ್ತೇನೆ, ಒತ್ತುತ್ತೇನೆ.

ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಒಮ್ಮೆ ಟೀ ಲೋಟ ಅವನ ಕೈಯಲ್ಲಿತ್ತು, ಒಮ್ಮೆ ಮೇಜಿನ ಮೇಲೆ. ಅವನಾಡಿದ ಮಾತು ಮಾತ್ರ ಬದಲಾಗಿಲ್ಲ.

ನನ್ನ ಕೆಲಸ ಹೋಗಿ ಎಷ್ಟೋ ದಿನಗಳಾದ ಮೇಲೆ ಯಲಹಂಕದ ಹೋಟೆಲೊಂದರಲ್ಲಿ ಅವನು ಸಿಕ್ಕಿದ. ತಾನಾಗಿಯೇ ಹೇಳಿದ: "ಟೀ ಇಡ್ಕಂಡು ಬಾಗ್ಲವರೆಗೂ ಬಂದಿದ್ದೆ ಕಣೋ. ಆ ಮಾತು ನಂಗೂ ಕೇಳಿಸ್ತು. ನಂದೇ ದನಿ. ಎದ್ರಿ ಅಲ್ಲೇ ನಿಂತ್ಬಿಟ್ಟೆ."

"ಅವತ್ತೇ ಯಾಕೋ ಹೇಳ್ಲಿಲ್ಲ?"

"ಏಳಿದ್ರೆ ನಾನೂ ಅಲ್ಲೇ ಇದ್ದೆ ಅಂತ ಆಗ್ತಿತ್ತಲ್ಲ."

ಇದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ತಿಳಿಯದು. ರೆಕಾರ್ಡಿಂಗಿನಲ್ಲಿ ಬಾಗಿಲು ಕಾಣುವುದಿಲ್ಲ, ಧ್ವನಿಯೂ ಇಲ್ಲ. ನನಗೆ ಇವತ್ತಿಗೂ ಕೇಳಿಸುವುದು ಅವನ ದನಿಯೇ. ಬೆರಳು ಮಾತ್ರ ನನ್ನದು.