ರಜೆ ಹಾಕದೆ ಸ್ವಂತ ಪ್ರಯಾಣ

ಗೆಳೆಯರೇ, ಇದು ನಿಮಗಾದರೂ ಅರ್ಥವಾದರೆ ಹೇಳಿ.

ಪುಣೆಯಲ್ಲಿರುವ ಅಕ್ಕನಿಗೆ ಹೆರಿಗೆ ಹತ್ತಿರ ಬಂದಿದೆ. ಅಮ್ಮನನ್ನು ಕರೆದುಕೊಂಡು ನಾಡಿದ್ದೇ ಹೊರಡಬೇಕು. ಕೊಪ್ಪದಲ್ಲಿ ನಾನು ಕೆಲಸ ಮಾಡುವ ಔಷಧಿ ಕಂಪನಿಗೆ ವಿಮಾನದ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ. ನೌಕರರು ಅದನ್ನು ಸ್ವಂತ ಪ್ರಯಾಣಕ್ಕೂ ಬಳಸಬಹುದು ಅಂತ ಮೊನ್ನೆಯಷ್ಟೇ ಮೇಲ್ ಬಂದಿತ್ತು. ಇವತ್ತು ಖುಷಿಯಿಂದ ಮ್ಯಾನೇಜರಿಗೆ ಫೋನ್ ಮಾಡಿದೆ.

"ಧಾರಾಳವಾಗಿ ಬಳಸಿ ಮೇಡಂ. ಆದ್ರೆ ರಜೆಯಲ್ಲಿ ಇರಬಾರದು. ಅದು ಡ್ಯೂಟಿಯಲ್ಲಿ ಇರೋರಿಗೆ ಮಾತ್ರ."

"ಹಾಗಾದ್ರೆ ಡ್ಯೂಟಿ ಮೇಲೇ ಹೋಗ್ಲಾ ಸರ್?"

"ಅದು ಹ್ಯಾಗಾಗುತ್ತೆ? ನಿಮ್ಮದು ಸ್ವಂತ ಪ್ರಯಾಣ. ರಜೆ ಹಾಕಲೇಬೇಕು."

"ರಜೆ ಹಾಕಿದ್ರೆ ರಿಯಾಯಿತಿ ಇಲ್ಲ ಅಂದ್ರಲ್ಲ ಸರ್?"

ಅವರು "ಅದು ನಿಮ್ಮ ವೈಯಕ್ತಿಕ ವಿಷಯ ಮೇಡಂ" ಅಂದು ಫೋನ್ ಇಟ್ಟರು.

ಅಕ್ಕನಿಗೆ ನೋವು ಶುರುವಾಗುವುದರೊಳಗೆ ಇದು ಬಗೆಹರಿಯುವ ಹಾಗೆ ಕಾಣಲಿಲ್ಲ. ಶಿವಮೊಗ್ಗದಿಂದ ಪುಣೆಗೆ ಹೋಗುವ ಬಸ್ಸಿಗೆ ಇಬ್ಬರಿಗೂ ಸೀಟು ಮಾಡಿಸಿದೆ.

ಬಾಣಂತಿ ಲೇಹ್ಯದ ಡಬ್ಬಿ ಕಟ್ಟುತ್ತಿದ್ದ ಅಮ್ಮ ತಲೆಯೆತ್ತಿ ಕೇಳಿದಳು, "ವಿಮಾನ ಅಂದಿದ್ಯಲ್ಲ ಮಾರಾಯ್ತಿ, ಅದು ಎಂತಾಯ್ತು?"

"ಇದೆ ಅಮ್ಮ. ನಾವು ಹೋಗದಿದ್ರೆ ಕಡಿಮೆಗೆ ಸಿಗುತ್ತಂತೆ."