ನಾಲಗೆಗೆ ರಜಾ

ಕೊಳ್ಳೇಗಾಲದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ರೇಷ್ಮೆ ಸೀರೆ ನೇಯುತ್ತಿದ್ದರು. ಅವರಿಗೆ ಕಿಡ್ನಿ ಕಾಯಿಲೆ ಹತ್ತಿ ಎಂಟು ವರ್ಷವಾಗಿತ್ತು. ಬೆಳಗೆದ್ದರೆ ಮುಖ ಊದಿರುತ್ತಿತ್ತು, ಸಂಜೆಯಾದರೆ ಪಾದ. ಆಸ್ಪತ್ರೆಯ ಡಾಕ್ಟರು ಉಪ್ಪು ಬಿಡಿಸಿದ್ದರು. ಊಟ ಹೇಗೆ ಸೇರುತ್ತದೆ ಎಂದು ಯಾರಾದರೂ ಕೇಳಿದರೆ, "ನಾಲ್ಗೆಗೆ ರಜಾ ಕೊಟ್ಟಿವ್ನಿ ಕಣ್ರಿ" ಎಂದು ನಕ್ಕು ಮತ್ತೆ ಲಾಳಿ ಎಸೆಯುತ್ತಿದ್ದರು.

ಅವರ ಮಗಳನ್ನು ಒಪ್ಪಿದ್ದ ಯಳಂದೂರಿನವರು ಲಗ್ನ ಗೊತ್ತುಮಾಡಲು ಬಂದ ದಿನ ನಾನೂ ಪಂಕ್ತಿಯಲ್ಲಿ ಕೂತಿದ್ದೆ. ಕಾಯಿಲೆಯ ಸುದ್ದಿ ಎತ್ತಬೇಡಿ ಎಂದು ಯಜಮಾನರ ಹೆಂಡತಿ ನಮಗೆಲ್ಲ ಹೇಳಿಟ್ಟಿದ್ದರು. ಆದರೆ ಆಕೆ ಗಂಡನಿಗೆ ಮಾತ್ರ ಬೇರೆ ಪಾತ್ರೆಯಿಂದ ಸಾರು ಬಡಿಸಿದ್ದು ಹುಡುಗನ ತಂದೆಯ ಕಣ್ಣಿಗೆ ಬಿತ್ತು.

"ಏನ್ ಯಜಮಾನ್ರೆ, ನಿಮ್ಗೊಬ್ರಿಗೇ ಬ್ಯಾರೆ ಸಾರಾ?"

ಆಕೆಯ ಕೈಯ ಸೌಟು ಹಾಗೇ ನಿಂತಿತು. ಯಜಮಾನರು ಎಡಗೈ ಹೆಬ್ಬೆರಳಿನಿಂದ ತಮ್ಮ ಕಾಲನ್ನು ಒತ್ತಿ, ಬಿದ್ದ ಗುಳಿಯನ್ನು ನಗುತ್ತಲೇ ತೋರಿಸಿದರು.

"ಕಿಡ್ನಿ ಕಾಯ್ಲೆ ಕಣ್ರಿ. ಎಂಟು ವರ್ಸದಿಂದ ಉಪ್ಪು ಮುಟ್ಟಿಲ್ಲ. ಬಚ್ಚಿಟ್ಟು ಎಣ್ಣು ಕೊಡಕ್ಕೆ ಮನ್ಸಿಲ್ಲ. ಬ್ಯಾಡ ಅನ್ಸುದ್ರೆ ಉಂಡ್ಬುಟ್ಟು ಓಗಿ, ಬ್ಯಾಸರ ಇಲ್ಲ."

ಹುಡುಗನ ತಂದೆ ಆ ಸಾರನ್ನು ಅಂಗೈಗೆ ಹಾಕಿಸಿಕೊಂಡು ಕುಡಿದು ಮುಖ ಕಿವುಚಿದರು.

"ಎಂಟು ವರ್ಸ ಇದ್ನ ಉಂಡವ್ರೆ, ಆದ್ರೂ ನಗ್ತಾವ್ರೆ! ಇಂಥವ್ರ ಮಗ್ಳು ನಮ್ಮನೇಲಿ ಬಾಳ್ದೆ ಇರ್ತಾಳಾ? ಆಸಾಡ ಕಳೀಲಿ, ಲಗ್ನ ಇಟ್ಕೊಳವ."

ಆಕೆ ಸೆರಗಿನಲ್ಲಿ ಕಣ್ಣೊರೆಸುತ್ತ ಅಡುಗೆಮನೆಗೆ ಓಡಿದರು. ಊಟ ಮುಗಿದಾಗ ಊದಿದ ಕಾಲಿನಿಂದ ಯಜಮಾನರಿಗೆ ಏಳಲಾಗಲಿಲ್ಲ. ಬೀಗರೇ ರಟ್ಟೆ ಹಿಡಿದು ಎಬ್ಬಿಸಿ, ಕೈ ತೊಳೆಯಲು ಹಿತ್ತಲಿಗೆ ಕರೆದುಕೊಂಡು ಹೋದರು.